ಗುಡುಗದ ಡಬ್ಬಿ

ನನ್ನ ಗಂಡನ ಅಣ್ಣನಿಗೂ ನನಗೂ ಒಂದೇ ಮನೆಯಲ್ಲಿ ಒಂಬತ್ತು ವರ್ಷ ಮಾತಿರಲಿಲ್ಲ. ಜಗಳವಾಡಿ ಬಿಟ್ಟದ್ದಲ್ಲ, ಅದು ಪದ್ಧತಿ. ತಮ್ಮನ ಹೆಂಡತಿ ಬಾವನ ಎದುರು ನಿಲ್ಲಬಾರದು, ಮುಖ ನೋಡಿ ಮಾತಾಡಬಾರದು. ಅವನು ನಡುಮನೆಗೆ ಬಂದರೆ ನಾನು ಅಡುಗೆಮನೆಗೆ ಸರಿಯಬೇಕು. ಆದರೆ ಜಗಳಕ್ಕೆ ಈ ಪದ್ಧತಿ ಏನೂ ಅಡ್ಡ ಬರಲಿಲ್ಲ. ಅತ್ತೆಯನ್ನು ನಡುವೆ ಇಟ್ಟುಕೊಂಡು ಒಂಬತ್ತು ವರ್ಷವೂ ಚೆನ್ನಾಗಿಯೇ ಜಗಳವಾಡಿದೆವು. ಆಗ ‘ಬಾವಾರು’ ಎನ್ನುತ್ತಿದ್ದೆ. ಈಗ ಬರೆಯುವಾಗ ‘ಅವನು’ ಎಂದೇ ಬರೆಯುತ್ತೇನೆ. ಕೈ ನನ್ನದು, ಕಾಗದ ನನ್ನದು.

ನಾನು ಓದಿದ್ದು ನಾಲ್ಕನೇ ತರಗತಿ. ಬರೆಯುವ ಆಸೆಯೇನೂ ಇರಲಿಲ್ಲ. ಮೊನ್ನೆ ಮೊಮ್ಮಗಳು ಹಳೆಯದೊಂದು ಗಿಟಾರ್ ಆಂಪ್ಲಿಫೈಯರ್ ಮನೆಗೆ ತಂದಳು. ಅದನ್ನು ಚಾಲೂ ಮಾಡಿಸಿ, ಒಂದು ಗುಂಡಿಯನ್ನು ಪೂರ್ತಿ ತಿರುಗಿಸಲು ಹೇಳಿ, ಪೆಟ್ಟಿಗೆಯ ಬೆನ್ನಿಗೆ ಅಂಗೈಯಿಂದ ಒಂದು ಏಟು ಕೊಟ್ಟೆ. ಒಳಗಿನಿಂದ ಗಡಗಡ ಎಂದು ಗುಡುಗು ಬಂತು. ‘ಡಬ್ಬಿ ಚಲೋ ಅದ, ಹೆದರಬ್ಯಾಡ’ ಅಂದೆ. ಹುಡುಗಿ ತೆರೆದ ಬಾಯಿ ಮುಚ್ಚಲೇ ಇಲ್ಲ. ಆ ಮುಖ ನೋಡಿ ನನಗೆ ಎಂಥ ಹಿಗ್ಗು ಬಂತೆಂದರೆ, ಆ ದಿನ ರೊಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ‘ಅಜ್ಜಿ, ಇದೆಲ್ಲ ನಿನಗ ಹೆಂಗ ಗೊತ್ತು?’ ಎಂದು ಮೂರು ದಿನ ಬೆನ್ನು ಹತ್ತಿದಳು. ಅದಕ್ಕೇ ಬರೆಯುತ್ತಿದ್ದೇನೆ.

ರಾಯಚೂರಿನಲ್ಲಿ ನಮ್ಮ ಮನೆ ಹತ್ತಿ ಗಿರಣಿಗಳ ಓಣಿಯಲ್ಲಿತ್ತು. ಬೀದಿಗೆ ಹತ್ತಿದ ಕೋಣೆಯೇ ಬಾವನ ರೇಡಿಯೋ ರಿಪೇರಿ ಅಂಗಡಿ. ಅದರ ಹಿಂದೆ ನಡುಮನೆ. ಎರಡರ ನಡುವಿನ ಬಾಗಿಲಿಗೆ ಒಂದು ಪರದೆ. ಆ ಪರದೆಯ ಪಕ್ಕದಲ್ಲಿ, ಎರಡೂ ಕಡೆಗೆ ಕಾಣುವಂತೆ ಹೊಸ್ತಿಲಿಗೆ ಮಣೆ ಹಾಕಿಕೊಂಡು ಅತ್ತೆ ಇಡೀ ದಿನ ಕೂತಿರುತ್ತಿದ್ದಳು. ಶ್ರಾವಣದಲ್ಲಿ ಈಶ್ವರನ ಗುಡಿಯಲ್ಲಿ ಲಕ್ಷ ಬತ್ತಿ ಹಚ್ಚುವ ಹರಕೆ ಹೊತ್ತಿದ್ದಳು. ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೂಬತ್ತಿ ಹೊಸೆಯುವುದು, ಇನ್ನೂರು ಆದಮೇಲೆ ಒಂದು ಬಟ್ಟೆಯಲ್ಲಿ ಕಟ್ಟಿಡುವುದು, ನಡುನಡುವೆ ನಮ್ಮಿಬ್ಬರ ಮಾತು ಅತ್ತಿಂದಿತ್ತ ಸಾಗಿಸುವುದು. ಇವು ಅವಳ ಕೆಲಸ.

ನನ್ನ ಕೆಲಸ ಕಾಯಿಲು ಸುತ್ತುವುದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹಳೆಯ ತಂತಿ ಬಿಚ್ಚಿ ಹೊಸ ತಂತಿ ಸುತ್ತಬೇಕಲ್ಲ, ಅದು. ಮೊದಲು ನನ್ನ ಗಂಡ ಸುತ್ತುತ್ತಿದ್ದ. ಶಕ್ತಿನಗರದಲ್ಲಿ ಕರೆಂಟು ತಯಾರಿಸುವ ಕಾರ್ಖಾನೆ ಕಟ್ಟಲು ಶುರುವಾದಾಗ ಅವನು ಗುತ್ತಿಗೆ ಕೆಲಸಕ್ಕೆ ಹೋದ, ಭಾನುವಾರ ಮಾತ್ರ ಬರುತ್ತಿದ್ದ. ಕೈಯಿಂದ ತಿರುಗಿಸುವ ಆ ಸುತ್ತುವ ಮಷಿನ್ನು ಮಂಚದ ಕೆಳಗೆ ಬಿದ್ದಿತ್ತು. ಒಂದು ಮಧ್ಯಾಹ್ನ ನಾನೇ ಎಳೆದುಕೊಂಡು ಕೂತೆ. ಸುತ್ತು ಎಣಿಸುವ ಅದರ ಮುಳ್ಳು ಮುರಿದಿತ್ತು. ನೂರು ಸುತ್ತಿಗೆ ಒಂದು ಹುಣಸೆ ಬೀಜ ತಟ್ಟೆಗೆ ಹಾಕಿಕೊಂಡು ಎಣಿಸಿದೆ. ಸುತ್ತಿದ್ದು ನಡೆಯಿತು. ಆಮೇಲೆ ಬಾವ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಪರದೆಯ ಕೆಳಗೆ ತಳ್ಳುವುದು, ನಾನು ಸುತ್ತಿ ಹಿಂದಕ್ಕೆ ತಳ್ಳುವುದು, ಹೀಗೆ ವರ್ಷಗಟ್ಟಲೆ ನಡೆಯಿತು. ಗಿರಾಕಿಗಳಿಗೆ ಮಾತ್ರ ಅವನು ‘ಹೈದರಾಬಾದಿನಾಗ ಸುತ್ತಿಸೀನಿ’ ಎನ್ನುತ್ತಿದ್ದ. ಪರದೆಯ ಈಚೆ ಕೂತು ನಾನದನ್ನು ಕೇಳುತ್ತಿದ್ದೆ. ತಂತಿ ಹರಿಯದಂತೆ ಹಲ್ಲು ಕಚ್ಚಿ ಕೂರುತ್ತಿದ್ದೆ.

ಮಾನ್ವಿಯ ಅಕ್ಕಿ ಗಿರಣಿಯವರ ಮನೆಯ ಮಗನೊಬ್ಬ ಮದುವೆಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ, ತಾನೇ ಗಿಟಾರು ಬಾರಿಸುತ್ತಿದ್ದ. ಅವನ ಆಂಪ್ಲಿಫೈಯರಿನಲ್ಲಿ ರಿವರ್ಬ್ ಎಂಬ ಒಂದು ಗುಂಡಿ. ಅದನ್ನು ತಿರುಗಿಸಿದರೆ ಒಂದು ತಂತಿ ಮೀಟಿದ್ದು ಕೋಟೆಯ ಬಾಗಿಲಲ್ಲಿ ನಿಂತು ಕೂಗಿದಂತೆ ಹೊರಳಿ ಹೊರಳಿ ಕೇಳಬೇಕು. ಅದು ಕೆಟ್ಟಿದೆ ಎಂದು ಹೊತ್ತು ತಂದ. ಈ ರಿವರ್ಬ್ ಹುಟ್ಟುವುದು ಪೆಟ್ಟಿಗೆಯ ತಳದಲ್ಲಿರುವ, ಒಂದು ಮೊಳ ಉದ್ದದ ತಗಡಿನ ಡಬ್ಬಿಯಲ್ಲಿ. ಅದರೊಳಗೆ ಎರಡು ಉದ್ದನೆಯ ತೆಳು ಸ್ಪ್ರಿಂಗು, ಎರಡೂ ತುದಿಗೆ ಒಂದೊಂದು ಸಣ್ಣ ಕಾಯಿಲು. ಬಾವ ಮೀಟರು ಹಚ್ಚಿದ. ಆಚೆ ತುದಿಯ ಕಾಯಿಲಿಗೆ ಮುಳ್ಳು ಅಲುಗಲೇ ಇಲ್ಲ. ಒಳಗೆ ತಂತಿ ಹರಿದಿತ್ತು. ಡಬ್ಬಿ ಪರದೆಯ ಕೆಳಗಿಂದ ನನ್ನ ಕಡೆ ಬಂತು.

ಅಂಥ ತಂತಿ ನಾನು ಅದುವರೆಗೆ ಮುಟ್ಟಿರಲಿಲ್ಲ. ನನ್ನ ತಲೆಗೂದಲು ಅದರ ಮುಂದೆ ಹಗ್ಗ. ಫ್ಯಾನು ಹಾಕಿದರೆ ಹಾರುತ್ತದೆ, ಆರಿಸಿದರೆ ಬೆವರು ಹನಿಯುತ್ತದೆ. ಮೂರು ಸಲ ಹರಿಯಿತು, ನಾಲ್ಕನೆಯ ಸಲ ಕೂತಿತು. ಸುತ್ತುವ ಮುಂಚೆ ಡಬ್ಬಿಯನ್ನು ಹೊರಳಿಸಿ ಹೊರಳಿಸಿ ನೋಡಿದ್ದೆ. ಕಾಯಿಲಿನ ತಂತಿ ಸ್ಪ್ರಿಂಗಿಗೆ ಎಲ್ಲಿಯೂ ತಾಗಿರಲಿಲ್ಲ. ಸ್ಪ್ರಿಂಗಿನ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಅಯಸ್ಕಾಂತ ಇತ್ತು, ಅಷ್ಟೆ. ಬಾಯಿಂದ ಮೆಲ್ಲಗೆ ಊದಿದರೆ ಸ್ಪ್ರಿಂಗು ಈ ತುದಿಯಿಂದ ಆ ತುದಿಗೆ ನಡುಗುತ್ತಿತ್ತು, ತಿರುಗಿ ಬರುತ್ತಿತ್ತು. ಆಗ ತಿಳಿಯಿತು: ಈ ಕಡೆಯ ಕಾಯಿಲು ಸ್ಪ್ರಿಂಗನ್ನು ನಡುಗಿಸುತ್ತದೆ, ಆ ಕಡೆಯ ಕಾಯಿಲು ನಡುಕವನ್ನು ದನಿ ಮಾಡುತ್ತದೆ. ಯಾರೂ ಕಲಿಸಿದ್ದಲ್ಲ. ಕಣ್ಣಿದ್ದರೆ ಕಾಣುತ್ತದೆ.

ಸಂಜೆ ಬಾವ ಅದನ್ನು ಜೋಡಿಸಿ, ಸೆಟ್ಟು ಚಾಲೂ ಮಾಡಿ, ಡಬ್ಬಿಗೆ ಬೆರಳಿನಿಂದ ಬಡಿದ. ಗಡಗಡಗಡ ಎಂದು ಗುಡುಗು ಮನೆತುಂಬ ಉರುಳಿ ನಿಧಾನ ಆರಿತು. ಅತ್ತೆ ‘ಶಿವಶಿವಾ’ ಎಂದು ಬೆಚ್ಚಿಬಿದ್ದಳು. ನಾನು ಮಷಿನ್ನಿನ ಹಿಡಿಯನ್ನು ಹಿಡಿದುಕೊಂಡು ಒಬ್ಬಳೇ ನಕ್ಕೆ. ಮರುದಿನ ಬಾವ ಅದನ್ನು ಮಾನ್ವಿ ಬಸ್ಸಿನ ಮೇಲೆ ಹಾಕಿ ಕಳಿಸಿದ. ಬಸ್ಸಿನ ಮೇಲೆ ಹೋಗುವ ಸೆಟ್ಟಿಗೆ ಸಂದುಸಂದಿಗೆ ಹತ್ತಿ ತುರುಕಿ ಕಟ್ಟುವುದು ನಮ್ಮ ಅಂಗಡಿಯ ರೂಢಿ. ನಮ್ಮ ಓಣಿಯಲ್ಲಿ ಹತ್ತಿಗೇನು ಬರ?

ಅದೇ ದಿನ ಅತ್ತೆಯ ಬತ್ತಿಯ ಕಟ್ಟೊಂದು ಕಾಣೆಯಾಯಿತು.

‘ಇನ್ನೂರು ಬತ್ತಿ ಬೇ! ಎಣಿಸಿ ಕಟ್ಟಿಟ್ಟಿದ್ದೆ. ನಿನ್ನ ಮಷಿನ್ನಿನ ಎಣ್ಣಿ ಒರಸಾಕ ದೇವರ ಬತ್ತೀನ ಬೇಕಾಗಿತ್ತೇನು?’

‘ನಾ ಮುಟ್ಟಿಲ್ರಿ ಅತ್ತಿ.’

‘ಹಂಗಾರ ಬತ್ತಿಗೆ ಕಾಲು ಬಂದು ನಡಕೊಂಡು ಹೋದವೇನು?’

‘ನನಗೇನು ಗೊತ್ರಿ? ನನ್ನ ಮಷಿನ್ ಒರಸಾಕ ನನ್ನ ಹಳೀ ಸೀರಿ ಅದ.’

‘ಬಾಯಿ ನೋಡು ಬಾಯಿ. ದೇವರ ಸಾಮಾನು ಕದ್ದ ಕೈ ಬಿದ್ದು ಹೋಗ್ಲಿ.’

ಇದು ಜೋರಾಗಿಯೇ ನಡೆಯಿತು. ಪರದೆಯ ಆಚೆ ಬಾವನ ಸ್ಕ್ರೂಡ್ರೈವರಿನ ಸದ್ದು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಆಮೇಲೆ ಎಂಟು ದಿನ ಅತ್ತೆ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಮಣೆಯ ಪಕ್ಕ ಹಾದುಹೋದರೆ ಬತ್ತಿಯ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವಳು. ಕಳ್ಳಿ ಅನ್ನಿಸಿಕೊಂಡು ಬೇಯಿಸಿ ಹಾಕುವುದು ಹೇಗಿರುತ್ತದೆ ಎಂದು ಬೇಯಿಸಿದವರಿಗೇ ಗೊತ್ತು.

ಒಂಬತ್ತನೆಯ ದಿನ ಗಿಟಾರಿನವನು ಸೈಕಲ್ ರಿಕ್ಷಾದಲ್ಲಿ ಪೆಟ್ಟಿಗೆ ಹಾಕಿಕೊಂಡು ಬಂದ. ಇಳಿಯುವ ಮೊದಲೇ ಕೂಗು.

‘ಏನ್ರೀ ರಿಪೇರಿ ಮಾಡಿ ಕೊಟ್ಟೀರಿ ಇದು? ಮಾನ್ವ್ಯಾಗ ಮದವಿ ಮಂದಿ ಮುಂದ ನನ್ನ ಮರ್ಯಾದಿ ಹೋತು! ಗುಂಡಿ ತಿರುಗಿಸಿದ್ರ ತಿರುಗಿಸಿದಷ್ಟೂ ಒಣಾ ದನಿ. ಬೀಗರು ಕೇಳ್ತಾರ, ಯಾಕಪಾ ತಗಡು ಬಡಿಯಾಕತ್ತೀ ಅಂತ! ನಾಳೆ ದೇವದುರ್ಗದಾಗ ಪ್ರೋಗ್ರಾಂ ಅದ. ಇವತ್ತ ಆಗಬೇಕು ನೋಡ್ರಿ.’

ಬಾವ ಪೆಟ್ಟಿಗೆಯ ಬೆನ್ನು ಬಿಚ್ಚಿದ. ಡಬ್ಬಿಯಿಂದ ಸೆಟ್ಟಿಗೆ ಹೋಗುವ ವೈರನ್ನು ಕಿತ್ತು, ಅದರ ತುದಿಗೆ ಬೆರಳಿಟ್ಟ. ಸ್ಪೀಕರು ‘ಭುಂಯ್’ ಎಂದಿತು. ಸೆಟ್ಟು ಚೆನ್ನಾಗಿದೆ, ದೋಷ ಡಬ್ಬಿಯಲ್ಲಿದೆ ಎಂದು ಅದರ ಅರ್ಥ. ಅಷ್ಟರಮಟ್ಟಿಗೆ ಅವನದು ಸರಿ. ಇಲ್ಲ ಅನ್ನುವುದಿಲ್ಲ.

‘ಯವ್ವಾ, ಆಕಿಗೆ ಹೇಳು, ಆಕಿ ಸುತ್ತಿದ ಕಾಯಿಲು ಸತ್ತದ.’

ಅತ್ತೆ ಬತ್ತಿಯಿಂದ ಕಣ್ಣೆತ್ತದೆ ಪರದೆಯ ಕಡೆ ಕತ್ತು ಹೊರಳಿಸಿದಳು. ‘ಕಾಯಿಲು ಸತ್ತದಂತ.’

‘ಕೇಳಿಸ್ತ್ರಿ. ಮೀಟರ್ ಹಚ್ಚಿ ನೋಡ್ಯಾರೇನು ಕೇಳ್ರಿ.’

‘ಮೀಟರ್ ಹಚ್ಚೀದಿ ಏನೋ?’

ಅವನು ಹಚ್ಚಿದ. ಮೀಟರನ್ನು ಬದಿಗಿಟ್ಟು ಹೇಳಿದ: ‘ಮುಳ್ಳು ಆಡ್ತದ. ಆಡಿದ್ರೇನಾತು? ಸುತ್ತು ಕಡಿಮಿ ಬಿದ್ದಾವ ಅಂತ ಹೇಳು. ಹುಣಸಿ ಬೀಜ ಎಣಿಸಿ ಸುತ್ತಿದ್ರ ಇನ್ನೇನಾಗ್ತದ?’

ಗಿಟಾರಿನವನು ಪರದೆ ನೋಡಿದ, ಬಾವನನ್ನು ನೋಡಿದ. ‘ಅಲ್ರೀ, ಹೈದರಾಬಾದಿನಾಗ ಸುತ್ತಿಸೀನಿ ಅಂದಿದ್ರಿ? ಹೈದರಾಬಾದು ಈ ಪರದಿ ಹಿಂದ ಅದ ಏನು?’

ಬಾವನಿಗೆ ಆ ಮಾತು ಚುಚ್ಚಿತು. ಗಿರಾಕಿಯ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ ಬಂತು. ‘ಯವ್ವಾ, ಕೇಳು. ಇವತ್ತಿಗೆ ಮುಗೀತು. ಆ ಮಷಿನ್ ನಾಳೆ ಬಸ್ಸಿಗೆ ದೇವದುರ್ಗಕ್ಕ ಹೋಗ್ತದ. ನನ್ನ ಹೆಂಡತಿ ತಮ್ಮ ಅಲ್ಲಿ ಅಂಗಡಿ ತಗದಾನ, ಕೇಳಾಕತ್ತು ಆರು ತಿಂಗಳಾತು. ಡಬ್ಬೀನೂ ಅವನ ಹತ್ರನ ಕಳಸ್ತೀನಿ, ಮತ್ತ ಸುತ್ತಿ ಕೊಡ್ತಾನ. ಆಕಿಗೆ ಒಲಿ ಮುಂದ ಕುಂದ್ರು ಅಂತ ಹೇಳು.’

ಅತ್ತೆ ಇದನ್ನು ಸಾಗಿಸುವ ಕಷ್ಟ ತೆಗೆದುಕೊಳ್ಳಲಿಲ್ಲ. ‘ಕೇಳಿದೆಲ್ಲ?’ ಅಂದಳು. ಅವಳ ದನಿಯಲ್ಲಿ ಖುಷಿ ಇತ್ತು. ಬತ್ತಿ ಕದ್ದವಳಿಗೆ ತಕ್ಕ ಶಾಸ್ತಿಯೆಂದು.

ಆ ಮನೆಯಲ್ಲಿ ನನ್ನದು ಅನ್ನುವ ವಸ್ತು ಎಂದರೆ ಆ ಮಷಿನ್ನು ಒಂದೇ. ಒಲೆ ಅತ್ತೆಯದು, ಅಂಗಡಿ ಬಾವನದು, ಗಂಡ ಶಕ್ತಿನಗರದ್ದು. ಹಿಡಿ ತಿರುಗಿಸುತ್ತ ಕೂತ ಹೊತ್ತಷ್ಟೇ ನಾನು ಯಾರ ಮಾತೂ ಕೇಳದೆ ಇರುತ್ತಿದ್ದದ್ದು. ಅದು ಹೋದರೆ ಇನ್ನು ಹಗಲು ಹೇಗೆ ಕಳೆಯಲಿ?

ಯೋಚಿಸಿದೆ. ಸುತ್ತು ಕಡಿಮೆ ಬಿದ್ದಿದ್ದರೆ ಆ ಸಂಜೆ ಗುಡುಗು ಹೇಗೆ ಬಂತು?

‘ಅತ್ತಿ, ಸೆಟ್ಟು ಚಾಲೂ ಮಾಡಿ, ಗುಂಡಿ ಪೂರಾ ಏರಿಸಿ, ಡಬ್ಬಿಗೆ ಬೆರಳಿಲೆ ಬಡೀರಿ ಅನ್ರಿ.’

‘ಏನೂ ಬ್ಯಾಡ ಅನ್ನು!’ ಬಾವ ಕೂಗಿದ. ಆದರೆ ಗಿಟಾರಿನವನಿಗೆ ಈ ಟಪಾಲು ಸಾಕಾಗಿತ್ತು. ವೈರು ತಾನೇ ಚುಚ್ಚಿ, ಗುಂಡಿ ಏರಿಸಿ, ಬಡಿದ.

‘ದುಪ್.’

ಇನ್ನೊಮ್ಮೆ ಬಡಿದ. ‘ದುಪ್.’ ನೆನೆದ ಮೂಟೆಗೆ ಗುದ್ದಿದಂತೆ.

ಪರದೆಯ ಈಚೆ ನನಗೆ ಅಷ್ಟು ಸಾಕಾಯಿತು. ಕಾಯಿಲು ಸತ್ತಿದ್ದರೆ ‘ದುಪ್’ ಕೂಡ ಬರಬಾರದು. ಸುತ್ತು ಕಡಿಮೆಯಿದ್ದರೆ ಗುಡುಗು ಸಣ್ಣದಾಗಬೇಕು, ಆದರೆ ಉರುಳುವಷ್ಟು ಹೊತ್ತು ಉರುಳಲೇಬೇಕು. ಇದು ಉರುಳುವುದೇ ಇಲ್ಲ, ಹುಟ್ಟಿದಲ್ಲೇ ಉಸಿರು ಕಟ್ಟುತ್ತಿದೆ. ಅಂದರೆ ಸ್ಪ್ರಿಂಗಿನ ಕುತ್ತಿಗೆಯನ್ನು ಏನೋ ಹಿಡಿದಿದೆ.

‘ಕಾಯಿಲು ಜೀವಂತ ಅದರಿ. ಸ್ಪ್ರಿಂಗಿಗೆ ಏನೋ ಒತ್ತಿ ಹಿಡದದ. ಡಬ್ಬಿ ಬಿಚ್ಚಿ ನೋಡ್ರಿ ಅನ್ರಿ.’

ಬಾವ ನಕ್ಕ. ಎಂಥ ನಗೆ! ‘ಸ್ಪ್ರಿಂಗ್ ಹಿಡದ್ರೇನು ಬಿಟ್ರೇನು? ಕರೆಂಟು ಹೋಗೋ ದಾರಿ ಅದು. ವೈರಿಗೆ ಅರಿವಿ ಸುತ್ತಿದ್ರ ಲೈಟು ಹತ್ತಂಗಿಲ್ಲೇನು ಅಂತ ಕೇಳು ಆಕಿಗೆ.’

‘ಅರಿವಿ ಸುತ್ತಿದ್ರ ಲೈಟು ಹತ್ತಂಗಿಲ್ಲೇನಂತ,’ ಅಂದಳು ಅತ್ತೆ.

‘ಕರೆಂಟಿನ ದಾರಿ ಆಗಿದ್ರ ಕಾಯಿಲಿನ ತಂತಿ ಸ್ಪ್ರಿಂಗಿಗೆ ಎಲ್ಲಿ ಬೆಸಿಗಿ ಹಾಕ್ಯಾರ ತೋರಸಲಿ ಅನ್ರಿ. ಇಪ್ಪತ್ತು ವರ್ಷದಿಂದ ರೇಡಿಯೋ ಬಿಚ್ಚಾಕತ್ಯಾರಲ್ಲ, ಒಂದ್ಸಲ ಕಣ್ಣು ಬಿಚ್ಚಿ ನೋಡ್ಲಿ.’

ಅತ್ತೆ ಮೊದಲ ಅರ್ಧ ಮಾತ್ರ ದಾಟಿಸಿದಳು. ಬೇಕಾಗಿರಲಿಲ್ಲ, ಎರಡನೆಯ ಅರ್ಧ ಬೀದಿಗೂ ಕೇಳಿತ್ತು. ಗಿಟಾರಿನವನು ಕಿಸಕ್ಕೆಂದ. ಡಬ್ಬಿಯನ್ನು ಕಿತ್ತು ತಂದು ಅತ್ತೆಯ ಮಡಿಲಿಗೆ ಇಟ್ಟ. ‘ಅವ್ವಾರ, ಹೈದರಾಬಾದಿನವರಿಗೆ ಕೊಡ್ರಿ ಇದನ್ನ.’

‘ಬ್ಯಾಡ! ಯವ್ವಾ, ಬಿಚ್ಚಬ್ಯಾಡ!’

ಬಾವ ಸ್ಟೂಲಿನಿಂದ ಎದ್ದೇಬಿಟ್ಟ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ತಾಯಿಗೆ ಮಗನ ದನಿ ಗೊತ್ತಾಗದೆ ಇರುತ್ತದೆಯೇ? ಅತ್ತೆ ಎರಡೂ ಕೈಯಿಂದ ಡಬ್ಬಿಯನ್ನು ಗಟ್ಟಿ ಹಿಡಿದುಕೊಂಡಳು. ‘ಯಾಕೋ? ಯಾಕ ಬ್ಯಾಡ?’

ನಾನು ತಲೆಯ ಪಿನ್ನು ಕಿತ್ತುಕೊಂಡು ಪರದೆಯ ಸಂದಿಯಿಂದ ಕೈ ಹೊರಗೆ ಹಾಕಿದೆ. ಬಳೆಯಿದ್ದ ನನ್ನ ಕೈ ಅವನೆದುರಿಗೆ ಬಂದದ್ದು ಒಂಬತ್ತು ವರ್ಷದಲ್ಲಿ ಅದೇ ಮೊದಲು. ಡಬ್ಬಿಯ ಬಾಯಿಗೆ ಅಂಟಿಸಿದ್ದ ರಟ್ಟಿನ ಅಂಚನ್ನು ಪಿನ್ನಿನಿಂದ ಸೀಳಿ ಎತ್ತಿದೆ.

ಒತ್ತಿ ತುಂಬಿದ್ದ ಹತ್ತಿ ಉಬ್ಬಿ ಮೇಲೆ ಬಂತು. ಬರೀ ಹತ್ತಿಯಲ್ಲ. ಹೂಬತ್ತಿ. ಸ್ಪ್ರಿಂಗಿನ ಕೆಳಗೆ, ಮೇಲೆ, ಸುರುಳಿಯ ಸಂದುಸಂದಿಗೆ, ಮಡಿಲ ತುಂಬ ಸುರಿದವು.

ಅತ್ತೆ ಒಂದನ್ನು ಎತ್ತಿಕೊಂಡಳು. ತುದಿ ತಿರುವಿದ್ದನ್ನು ನೋಡಿದಳು, ಮೂಸಿದಳು. ವಿಭೂತಿಯ ಬೂದು ಬಣ್ಣ ಆ ಬತ್ತಿಯ ಮೇಲೂ ಇತ್ತು, ಅವಳ ಬೆರಳ ಮೇಲೂ ಇತ್ತು.

‘ಲೇ,’ ಅಂದಳು ಮಗನಿಗೆ. ‘ಈಶ್ವರಗ ಹಚ್ಚೋದು ರೇಡಿಯೋಕ್ಕ ತುರುಕೀದೇನೋ?’

‘ಯವ್ವಾ... ಬಸ್ಸಿನ ವ್ಯಾಳೆ ಆಗಿತ್ತು. ಒಳಗ ಜಲ್ ಜಲ್ ಅಂತಿತ್ತು. ಬಾಗಿಲ ಹತ್ರ ಗಂಟು ಇತ್ತು, ಬರೇ ಹತ್ತಿ ಅಂದ್ಕೊಂಡೆ...’

‘ನಾ ಈಕೀನ ಬೈಯಾಕತ್ತಾಗ ನಿನ್ನ ಕಿವ್ಯಾಗೂ ಹತ್ತಿ ತುರುಕಿಕೊಂಡಿದ್ದೇನು?’

ಅವನು ನೆಲ ನೋಡಿದ. ಆಹಾ! ಮೂವತ್ತೈದು ನಲವತ್ತು ವರ್ಷವಾದರೂ ಆ ನೆಲ ನೋಡಿದ ಮುಖ ನೆನೆದರೆ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಮಕ್ಕಳಾದಾಗ ಸಂತೋಷಪಟ್ಟೆ, ಮೊಮ್ಮಗಳಾದಾಗ ಓಣಿಗೆಲ್ಲ ಸಕ್ಕರೆ ಹಂಚಿದೆ. ಆ ಗಳಿಗೆಯದು ಬೇರೆ ಜಾತಿಯ ಸಂತೋಷ. ಅದು ತಪ್ಪು ಎನ್ನುವವರು ಎಂಟು ದಿನ ಕಳ್ಳಿ ಅನ್ನಿಸಿಕೊಂಡು ನೋಡಲಿ.

ಡಬ್ಬಿಯನ್ನು ಒಳಗೆ ಎಳೆದುಕೊಂಡೆ. ಬತ್ತಿಗಳನ್ನು ತೆಗೆದು ಅತ್ತೆಯ ಬುಟ್ಟಿಗೆ ಹಾಕಿದೆ. ಸ್ಪ್ರಿಂಗಿನ ಸುರುಳಿಗೆ ಸಿಕ್ಕಿದ ಎಳೆಗಳನ್ನು ಪಿನ್ನಿನಿಂದ ಒಂದೊಂದೇ ಬಿಡಿಸಿದೆ. ಅವಸರ ಮಾಡಲಿಲ್ಲ. ಆಚೆ ಅವನು ಕಾಯಲಿ ಎಂದೇ ನಿಧಾನ ಮಾಡಿದೆ. ಕಡೆಗೆ ಬಾಯಿಂದ ಊದಿದೆ. ಸ್ಪ್ರಿಂಗು ತುದಿಯಿಂದ ತುದಿಗೆ ನಡುಗಿತು. ರಟ್ಟು ಮುಚ್ಚಿ ಪರದೆಯ ಕೆಳಗೆ ತಳ್ಳಿದೆ.

ಗಿಟಾರಿನವನು ಜೋಡಿಸಿ ಬಡಿದ. ಗಡಗಡ ಎಂದು ಗುಡುಗು ಬೀದಿಗೆ ಉರುಳಿತು. ಆಮೇಲೆ ಒಂದು ತಂತಿ ಮೀಟಿದ. ಆ ದನಿ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ ನಮ್ಮ ತಲೆಯ ಮೇಲೆಲ್ಲ ಸುತ್ತಾಡಿತು. ಅವನು ಪೆಟ್ಟಿಗೆ ಕಟ್ಟಿಕೊಳ್ಳುತ್ತ ಪರದೆಯ ಕಡೆ ತಿರುಗಿ, ‘ಅಕ್ಕಾರ, ಮತ್ತೇನರ ಕೆಟ್ರ ನಿಮ್ಮ ಹತ್ರನ ತರ್ತೀನ್ರಿ’ ಅಂದ. ಬಾವನಿಗೆ, ‘ಹತ್ತಿ ಬ್ಯಾಡ್ರಿ, ಹಂಗ ಒಯ್ತೀನಿ’ ಅಂದ.

ಅವನು ಹೋದಮೇಲೆ ಅತ್ತೆ ಬತ್ತಿಗಳನ್ನು ಎಣಿಸಿದಳು. ‘ಏಳು ಕಡಿಮಿ ಅದಾವ,’ ಎಂದಳು. ರೇಡಿಯೋಕ್ಕೆ ತುರುಕಿದ್ದು ದೇವರಿಗೆ ನಡೆಯುವುದಿಲ್ಲವೆಂದು ಎಲ್ಲವನ್ನೂ ಕಟ್ಟಿ ತೆಗೆದಿಟ್ಟು, ವಿಭೂತಿಯ ಬಟ್ಟಲನ್ನೂ ಹತ್ತಿಯನ್ನೂ ಮಗನ ಮುಂದೆ ಇಟ್ಟಳು. ‘ಹೊಸಿ. ಇನ್ನೂರು.’ ಅವನು ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಎರಡು ದಿನ ಬತ್ತಿ ಹೊಸೆದ. ಡೊಂಕುಡೊಂಕು. ಅತ್ತೆ ಅರ್ಧದಷ್ಟನ್ನು ಬಿಚ್ಚಿ ಮತ್ತೆ ಮಾಡಿಸಿದಳು.

ನನ್ನ ಹತ್ತಿರ ‘ತಪ್ಪಾತು’ ಎಂದು ಅವಳೂ ಅನ್ನಲಿಲ್ಲ. ಸಂಜೆ ನನ್ನ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಂಡು ಕುಡಿದಳು, ಅಷ್ಟೆ. ಅವಳಿರುವವರೆಗೂ ಆ ಎಂಟು ದಿನವನ್ನು ನಾನು ಮರೆಯಲಿಲ್ಲ, ಮರೆತಂತೆ ನಟಿಸಲೂ ಇಲ್ಲ. ಆದರೆ ಅವಳು ಒಂದು ಕೆಲಸ ಮಾಡಿದಳು. ಮರುದಿನ ಬೆಳಿಗ್ಗೆ ಮಗ ‘ಯವ್ವಾ, ಆಕಿಗೆ ಹೇಳು...’ ಎಂದು ಬಾಯಿ ತೆಗೆದ ಕೂಡಲೇ ಮಣೆ ಎತ್ತಿಕೊಂಡು ಎದ್ದಳು.

‘ಇನ್ನ ಮ್ಯಾಲೆ ನಾ ಯಾರ ಮಾತೂ ಹೊರಂಗಿಲ್ಲ. ನಿನಗ ಬಾಯಿ ಅದ, ಆಕಿಗೆ ಕಿವಿ ಅದಾವ.’

ಮಣೆಯನ್ನು ಹಿತ್ತಿಲ ಬಾಗಿಲಿಗೆ ಹಾಕಿಕೊಂಡಳು. ಪರದೆಯ ಪಕ್ಕ ಖಾಲಿಯಾಯಿತು. ಮಷಿನ್ನು ಒಯ್ಯಲು ಬಾವ ಒಳಗೆ ಬರಬೇಕು, ಬರಬೇಕಾದರೆ ನಾನು ಸರಿಯಬೇಕು. ನಾನು ಮಷಿನ್ನಿನ ಮುಂದಿನಿಂದ ಏಳಲಿಲ್ಲ. ಆ ದಿನದ ದೇವದುರ್ಗದ ಬಸ್ಸು ಹೋಯಿತು, ಮರುದಿನದ್ದೂ ಹೋಯಿತು.

ನಾಲ್ಕನೆಯ ದಿನ ಯಾರದೋ ಸುಟ್ಟ ಟ್ರಾನ್ಸ್‌ಫಾರ್ಮರು ಬಂತು. ಪರದೆಯ ಕೆಳಗೆ ಅವನ ಕಾಲು ಕಾಣುತ್ತಿತ್ತು. ಹೋಯಿತು, ಬಂತು, ನಿಂತಿತು. ಕೆಮ್ಮಿದ. ನಾನು ಹಿಡಿ ತಿರುಗಿಸುತ್ತಲೇ ಇದ್ದೆ.

‘ಇದನ್ನ ಸುತ್ತಬೇಕಾಗ್ಯಾದ,’ ಅಂದ ಕಡೆಗೆ.

ಅದು ನನ್ನೊಡನೆ ಅವನಾಡಿದ ಮೊದಲ ಮಾತು.

‘ಅಲ್ಲೇ ಇಡ್ರಿ,’ ಅಂದೆ. ‘ಒಳಗ ಹತ್ತಿ ಇಲ್ಲ ಹೌದಲ್ರಿ?’

ಹಿತ್ತಿಲ ಬಾಗಿಲಿನಿಂದ ಅತ್ತೆ ಕೆಮ್ಮಿದ್ದೋ ನಕ್ಕಿದ್ದೋ ಕೇಳಿಸಿತು. ನಾನು ತಟ್ಟೆಗೆ ಒಂದು ಹುಣಸೆ ಬೀಜ ಹಾಕಿದೆ.